ಎರಡು ಯೋಜನೆ, ಒಂದು ಗೋಡೆ

ಸರ್ಕಾರ ಬಡವರಿಗೆ ಎರಡು ಕೈಯಿಂದ ಕೊಡುತ್ತದೆ ಎಂಬುದು ನನ್ನ ಬಹುದಿನಗಳ ಸಂಶೋಧನೆ. ಒಂದು ಕೈ ಮನೆ ಕಟ್ಟಲು ಹಣ ಕೊಡುತ್ತದೆ. ಇನ್ನೊಂದು ಕೈ ಪುಕ್ಕಟೆಯಾಗಿ ಗಾರೆ ಕೆಲಸ ಕಲಿಸುತ್ತದೆ. ಎರಡೂ ಕೈ ಸೇರಿಸಿದರೆ ಚಪ್ಪಾಳೆ! ನಂಜನಗೂಡಿನ ನಮ್ಮ ಇಡೀ ಕಾಲೊನಿಯಲ್ಲಿ ಈ ಐಡಿಯಾ ಹೊಳೆದದ್ದು ನನ್ನೊಬ್ಬನಿಗೇ. ಬೇರೆ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮನೆ ಮಂಜೂರಾದದ್ದು ನನ್ನ ಹೆಂಡತಿ ಮಹದೇವಿಯ ಹೆಸರಿಗೆ. ಇಂಥ ಮನೆಗಳು ಹೆಂಗಸರ ಹೆಸರಿಗೇ ಬರುತ್ತವೆ. ಸರ್ಕಾರಕ್ಕೆ ಗಂಡಸರ ಪರಿಚಯ ಚೆನ್ನಾಗಿದೆ. ಹಳೇ ಶೀಟಿನ ಮನೆ ಕೆಡವಿ, ಪಾಯ ಹಾಕಿ, ಪಕ್ಕದ ಚಿಕ್ಕತಾಯಮ್ಮನ ಜಗಲಿಗೆ ಸಂಸಾರ ಸಾಗಿಸಿದೆವು. ಬಿಳಿಗೆರೆಯ ಮೇಸ್ತ್ರಿಯೊಬ್ಬರು ಬಂದು ಮೂರು ಕಡೆ ಗೋಡೆ ಎಬ್ಬಿಸಿ, ಮುಂಭಾಗಕ್ಕೆ ಬಾಗಿಲ ಚೌಕಟ್ಟು ನಿಲ್ಲಿಸಿ, ತಂಗಿಯ ಮದುವೆಗೆಂದು ಊರಿಗೆ ಹೋದರು. ಉಳಿದದ್ದು ಮುಂದಿನ ಗೋಡೆ ಒಂದೇ. ಅದು ಬಾಗಿಲ ನೆತ್ತಿಯವರೆಗೆ ಏರಬೇಕು, ಅದರ ಮುಂದೆ ಮಹದೇವಿ ನಿಲ್ಲಬೇಕು, ಇಂಜಿನಿಯರು ಮೊಬೈಲಿನಲ್ಲಿ ಫೋಟೋ ಹೊಡೆಯಬೇಕು. ಫೋಟೋ ಇದ್ದರೆ ಮುಂದಿನ ಕಂತು, ಕಂತು ಬಂದರೆ ತಾರಸಿ. ಇಲ್ಲದಿದ್ದರೆ ಮಳೆಗಾಲವೂ ಜಗಲಿಯಲ್ಲೇ!

"ಮೇಸ್ತ್ರಿಗೆ ಫೋನ್ ಮಾಡು, ಮದ್ವೆ ಮುಗುದಿರ್ತದೆ" ಎಂದಳು ಮಹದೇವಿ.

"ಮೇಸ್ತ್ರಿ ಯಾಕೆ? ನಾನೇ ಮೇಸ್ತ್ರಿ ಆಯ್ತೀನಿ."

"ನೀನಾ? ಶಾಮಿಯಾನ ಕಟ್ಟೋನು?"

ಹೌದು, ನನ್ನ ಕಸುಬು ಶಾಮಿಯಾನ. ಬೆಳಿಗ್ಗೆ ಕಟ್ಟುವುದು, ಉಂಡವರು ಎದ್ದ ಮೇಲೆ ಬಿಚ್ಚುವುದು. ಓದುಗ ಮಹಾಶಯರು ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ತರಬೇತಿ ತಿ. ನರಸೀಪುರದಲ್ಲಿ. ಮಧ್ಯಾಹ್ನದ ಊಟವೂ ಸರ್ಕಾರದ್ದೇ. ಕಲಿಸುವವರು ಬಸವಣ್ಣ ಮೇಷ್ಟ್ರು. ಕೊರಳಲ್ಲೊಂದು ಸೀಟಿ, ಕೈಯಲ್ಲೊಂದು ಗೋಡೆಯ ನೇರ ನೋಡುವ ತೂಕದ ಗುಂಡು. ಅವರ ಪದ್ಧತಿ ವಿಚಿತ್ರ. ಬೆಳಿಗ್ಗೆಯಿಂದ ಬರೀ ಮಣ್ಣಿನ ಕೆಸರು ಮೆತ್ತಿ ಗೋಡೆ ಕಟ್ಟಬೇಕು. ಸಂಜೆ ಸೀಟಿ ಊದಿದ ಕೂಡಲೇ ಕಟ್ಟಿದ್ದನ್ನೆಲ್ಲ ಬಿಚ್ಚಿ, ಇಟ್ಟಿಗೆ ತೊಳೆದು, ಸಾಲಾಗಿ ಜೋಡಿಸಬೇಕು. ಮರುದಿನ ಅದೇ ಇಟ್ಟಿಗೆ, ಅದೇ ಗೋಡೆ!

"ಇಟ್ಟಿಗೆ ಸರ್ಕಾರದ್ದು ಕಣ್ರಲಾ, ಒಂದೂ ಮುಕ್ಕಾಗಂಗಿಲ್ಲ!"

ಕಟ್ಟುವುದರಲ್ಲಿ ನಾನು ಅಷ್ಟಕ್ಕಷ್ಟೆ. "ಲೇ, ಎಲ್ರ ಗೋಡೆನೂ ನೆಟ್ಟಗವೆ, ನಿಂದು ಮಾತ್ರ ಯಾಕ್ಲಾ ತಲಕಾಡಿನ ಕಡೆ ವಾಲ್ತದೆ?" ಎಂದು ಮೇಷ್ಟ್ರು ದಿನಾ ಕೇಳುವರು. ಆದರೆ ಬಿಚ್ಚುವುದರಲ್ಲಿ ನನ್ನ ಸಮ ಯಾರೂ ಇಲ್ಲ. ಸೀಟಿ ನಿಲ್ಲುವುದರೊಳಗೆ ನನ್ನ ಗೋಡೆ ಅರ್ಧ ನೆಲಕ್ಕಿಳಿದಿರುತ್ತಿತ್ತು. "ನೋಡ್ರಲಾ, ಕೈ ಅಂದ್ರೆ ಇದು!" ಎಂದು ಮೇಷ್ಟ್ರು ಬೆನ್ನು ತಟ್ಟುವರು. ನನ್ನೆದೆ ಉಬ್ಬುವುದು. ಬಾಳಿನಲ್ಲಿ ಬೆನ್ನು ತಟ್ಟಿಸಿಕೊಂಡ ಅಭ್ಯಾಸವಿಲ್ಲದವನು ಎಷ್ಟು ಬೇಗ ಕೆಡುತ್ತಾನೆ!

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಮೈಸೂರಿನಿಂದ ಪರೀಕ್ಷಕರು ಬರುತ್ತಾರೆಂದು ತಿಳಿಯಿತು. ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ.

"ಸಾ, ಪರೀಕ್ಷೆ ನಮ್ಮನೇಲೇ ಮಾಡ್ಬುಡಿ. ಇಟ್ಟಿಗೆ ಅದೆ, ಸಿಮೆಂಟ್ ಅದೆ, ಗೋಡೆನೇ ಬಾಕಿ. ನಿಜ್ವಾದ ಮನೆ ಕಟ್ದಂಗೂ ಆಯ್ತದೆ."

ಮೇಷ್ಟ್ರ ಕಣ್ಣು ಅರಳಿತು. "ಭಲೇ! ಅಂಗೇ ಆಗ್ಲಿ."

ಅದೇ ದಿನ ಸಂಜೆಗೆ ಫೋಟೋ ತೆಗೆಯಲು ಬನ್ನಿರೆಂದು ಇಂಜಿನಿಯರಿಗೂ ಹೇಳಿಬಂದೆ. ನನ್ನ ಆಡಳಿತ ಸಾಮರ್ಥ್ಯಕ್ಕೆ ನಾನೇ ಬೆರಗಾದೆ!

ಪರೀಕ್ಷೆಯ ದಿನ ಇಡೀ ತಂಡ ಟೆಂಪೋದಲ್ಲಿ ಬಂದಿಳಿಯಿತು. ಮಹದೇವಿ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಮಾವಿನೆಲೆ ಕಟ್ಟಿದಳು. ಅಷ್ಟು ಕೈಗಳು ಒಂದು ಗೋಡೆಗೆ ಬಿದ್ದರೆ ಕೇಳಬೇಕೆ? ಮೂರು ಗಂಟೆಯ ಹೊತ್ತಿಗೆ ಗೋಡೆ ಬಾಗಿಲ ನೆತ್ತಿ ಮುಟ್ಟಿತು. ತಲಕಾಡಿನ ಕಡೆಗೂ ವಾಲಿರಲಿಲ್ಲ! ಪರೀಕ್ಷಕರು ಗುಂಡು ಬಿಟ್ಟು ನೋಡಿ, ತಲೆದೂಗಿ, ಎಲ್ಲರೂ ಪಾಸು ಎಂದು ರಸಬಾಳೆ ತಿನ್ನುತ್ತಾ ಕಾರು ಹತ್ತಿದರು.

ಮಹದೇವಿ ಆ ಗೋಡೆಯನ್ನು ಒಮ್ಮೆ ಸವರಿದಳು. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು.

"ಇರು, ಇಂಜಿನಿಯರ್ ಬರೋದ್ರೊಳ್ಗೆ ರೇಶ್ಮೆ ಸೀರೆ ಉಟ್ಕಬತ್ತೀನಿ" ಎಂದು ಜಗಲಿಯ ಮನೆಯೊಳಗೆ ಹೋದಳು.

ಆಗ ಮೇಷ್ಟ್ರು, ಊರಿಗೆ ಹೊರಡುವ ಹೊತ್ತಾಯಿತೆಂದು, ಅಭ್ಯಾಸಬಲದಿಂದ ಸೀಟಿ ಊದಿದರು.

ಮುಂದೆ ನಡೆದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಸೀಟಿ ಕೇಳಿತು, ಕೈ ಓಡಿತು. ಸಿಮೆಂಟು ಇನ್ನೂ ಹಸಿ. ಇಟ್ಟಿಗೆಗಳು ಬೆಣ್ಣೆಯಿಂದ ಎತ್ತಿದ ಹಾಗೆ ಬಂದವು. ತೊಳೆಯುವವರು ತೊಳೆದರು, ಜೋಡಿಸುವವರು ಜೋಡಿಸಿದರು. ಮೇಷ್ಟ್ರೂ ರೂಢಿಯಂತೆ "ಮುಕ್ಕಾಗಂಗಿಲ್ಲ, ಮುಕ್ಕಾಗಂಗಿಲ್ಲ!" ಎಂದು ಕೂಗುತ್ತಲೇ ಇದ್ದರು. ಒಂದೇ ಒಂದು ಇಟ್ಟಿಗೆಯೂ ಮುಕ್ಕಾಗಲಿಲ್ಲ. ಎಲ್ಲರೂ ಕೈಕಾಲು ತೊಳೆದು ಟೆಂಪೋ ಹತ್ತಿದರು. ನಾನು ಕೈಬೀಸಿ ಕಳಿಸಿಕೊಟ್ಟೆ.

ಕೈಬೀಸಿ ತಿರುಗಿದರೆ ಮಹದೇವಿ. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ಪಕ್ಕದಲ್ಲಿ ಇಂಜಿನಿಯರು, ಕೈಯಲ್ಲಿ ಮೊಬೈಲು. ಎದುರಿಗೆ, ಎರಡು ಬಿದಿರು ಗಳುವಿನ ಆಸರೆಯಲ್ಲಿ, ಮಾವಿನೆಲೆ ಕಟ್ಟಿಕೊಂಡ ಚೌಕಟ್ಟು ಮಾತ್ರ ಒಂಟಿಯಾಗಿ ನಿಂತಿತ್ತು.

"ಗೋಡೆ ಎಲ್ಲೋಯ್ತು?" ಎಂದಳು.

ನಾನು ಇಟ್ಟಿಗೆಯ ಸಾಲು ತೋರಿಸಿದೆ. "ಅಲ್ಲೇ ಅದೆ."

ಇಂಜಿನಿಯರು ಮೊಬೈಲು ಎತ್ತಿ, ನೋಡಿ, ಇಳಿಸಿದರು. "ಮೂರೇ ಗೋಡೆ ಇದ್ರೆ ಬಸ್ ಸ್ಟಾಪ್ ಅಂತಾರೆ ಕಣ್ರೀ. ಬಸ್ ಸ್ಟಾಪಿಗೆ ನಮ್ಮಲ್ಲಿ ಕಂತಿಲ್ಲ. ಈ ಕಡೆ ಇನ್ನು ಬರೋ ತಿಂಗ್ಳೇ ಬರೋದು."

ಬೇಲಿಯಾಚೆಯಿಂದ ಚಿಕ್ಕತಾಯಮ್ಮ ಎಲ್ಲವನ್ನೂ ನೋಡಿದ್ದಳು. "ನಾನೂ ನೋಡ್ತಾನೇ ಇದ್ದೆ ಕನವ್ವಾ. ಎಲ್ರಿಗಿಂತ ಮುಂಚೆ ಅಟ್ಟಣೆ ಅತ್ತಿ ಕೀಳಕ್ಕೆ ಸುರು ಮಾಡ್ದೋನು ನಿನ್ ಗಂಡನೇಯಾ!"

"ನೋಡ್ತಿದ್ದೋಳು ಒಂದ್ ಮಾತು ಕೂಗ್ಬಾರ್ದಾಗಿತ್ತಾ ಅತ್ತೆ?" ಎಂದೆ.

"ಸರ್ಕಾರ್ದೋರ್ ಕೆಲ್ಸ, ಅದೇನ್ ರೂಲ್ಸೋ ಅನ್ಕಂಡೆ ಕನಪ್ಪ!"

ಮಹದೇವಿ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಇಟ್ಟಿಗೆಯ ಸಾಲಿನ ಮೇಲೆ ಕೂತು, ಮುಡಿದ ಮಲ್ಲಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಬುಡು. ಶಾಮಿಯಾನದೋನ್ನ ಕಟ್ಕಂಡು ಮನೆ ಕೇಳ್ದೆನಲ್ಲ, ನಂದೇ ತಪ್ಪು."

ಮರುದಿನವೇ ಅವಳು ಬಿಳಿಗೆರೆ ಮೇಸ್ತ್ರಿಗೆ ಫೋನು ಮಾಡಿದಳು. ಅವರು ಬಂದರು, ಗೋಡೆ ಎದ್ದಿತು. ನನಗೆ ನೀರು ಹೊರುವ ಕೆಲಸ. ಸಂಜೆಯಾದರೆ ಅದೂ ಇಲ್ಲ, ಮಹದೇವಿ ನನ್ನನ್ನು ಸೊಪ್ಪು ತರಲು ಪೇಟೆಗೆ ಅಟ್ಟುವಳು. ಅಷ್ಟು ಸೊಪ್ಪು ನಾವು ಜನ್ಮದಲ್ಲಿ ತಿಂದಿರಲಿಲ್ಲ! ಬರುವ ತಿಂಗಳು ಫೋಟೋ ಆಯಿತು, ಕಂತು ಬಂತು, ಮಳೆ ಹಿಡಿಯುವ ಮೊದಲೇ ತಾರಸಿಯೂ ಬಿತ್ತು.

ಹೊಸ ಮನೆಗೆ ಬಂದ ವಾರದಲ್ಲೇ ಅಂಚೆಯಲ್ಲಿ ನನ್ನ ಸರ್ಟಿಫಿಕೇಟೂ ಬಂತು. ಗೋಡೆ ಕಟ್ಟುವ ಕೆಲಸದಲ್ಲಿ ಪ್ರಥಮ ದರ್ಜೆ! ಚೌಕಟ್ಟು ಹಾಕಿಸಿದೆ. ಮುಂದಿನ ಗೋಡೆಗೆ ತೂಗುಹಾಕೋಣವೆಂದು ಸುತ್ತಿಗೆ ಕೈಗೆತ್ತಿಕೊಂಡೆ.

"ಸುತ್ಗೆ ಕೆಳಗಿಡು!" ಒಳಗಿನಿಂದ ಮಹದೇವಿಯ ದನಿ.

ಇಟ್ಟೆ. ನಾನು ಗೋಡೆ ಕಟ್ಟಬಲ್ಲೆ ಎಂದು ಸರ್ಕಾರ ಮೊಹರು ಒತ್ತಿ ಬರೆದುಕೊಟ್ಟಿದೆ. ಮೊಳೆ ಹೊಡೆಯುವುದಕ್ಕೆ ಮಾತ್ರ ಇನ್ನೂ ಮನೆಯೊಡತಿಯ ಮಂಜೂರಾತಿ ಸಿಕ್ಕಿಲ್ಲ.