ಪರವಾಗಿಲ್ಲ ಎಂದ ತಪ್ಪಿಗೆ

ಕ್ಷೌರಿಕ ಡೆನಿಸ್ ಆಗ್ಡನ್ ಅವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಆಡಿದ್ದು ಒಂದೇ ಒಂದು ಮಾತು. "ಪರವಾಗಿಲ್ಲ" ಎಂದ. ಅಷ್ಟಕ್ಕೇ ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರು ಮಧ್ಯಾಹ್ನದ ಹೊತ್ತಿಗೆ ಅವನ ಮೇಲೆ ತಿರುಗಿಬಿತ್ತು.

ಹೇಳಿದ್ದು ಡಾರ್ಲೀನಳ ಚೆರ್ರಿ ಪೈ ತಿಂದು. ಡಾರ್ಲೀನ್ ವೊಗೆಲ್ ಅವನ ಅಂಗಡಿಯ ಎದುರಿನ ಹೋಟೆಲಿನ ಒಡತಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅದನ್ನು ನಡೆಸಿಕೊಂಡು ಬಂದವಳು. ಹಣ್ಣಿನ ಹೂರಣ ತುಂಬಿ ಬೇಯಿಸಿದ ಹೊಸ ಪೈಯ ಮೊದಲ ತುಂಡನ್ನು ಡೆನಿಸನ ಮುಂದಿಟ್ಟು, ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ "ಹೇಗಿದೆ?" ಎಂದು ಕೇಳಿದ್ದಳು.

ಡೆನಿಸ್ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಬೋಲ್ಟನ್‌ನಲ್ಲಿ. ಅಲ್ಲಿ 'ಪರವಾಗಿಲ್ಲ' ಎಂಬುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅವನ ಅಪ್ಪ ಇಡೀ ಆಯುಷ್ಯದಲ್ಲಿ ಆ ಮಾತನ್ನು ಹೆಂಡತಿಗೆ ಹೇಳಿದ್ದು ಒಂದೇ ಸಲ, ಆಕೆ ಅದನ್ನು ಮುದುಕಿಯಾದ ಮೇಲೂ ನೆನೆಸಿಕೊಂಡು ನಾಚುತ್ತಿದ್ದಳು. ಅಯೋವಾದವರೋ, ಕುರ್ಚಿ ಸರಿಸಿಕೊಟ್ಟರೂ 'ಅದ್ಭುತ!' ಎನ್ನುವ ಜನ. ಅವರ ಕಿವಿಗೆ 'ಪರವಾಗಿಲ್ಲ' ಎಂದರೆ ಹಸಿದ ನಾಯಿಗೆ ಹಾಕಬಹುದು ಎಂದರ್ಥ.

ಡಾರ್ಲೀನಳ ಮುಖ ಬಾಡಿತು. "ಸಕ್ಕರೆ ಕಮ್ಮಿ ಆಯ್ತೇನೋ, ಬಿಡಿ" ಎಂದು ಒಳಗೆ ಹೋದಳು. ಡೆನಿಸ್ ಪಾಪ, ತಟ್ಟೆಗೆ ಅಂಟಿದ್ದನ್ನೂ ಕೆರೆದು ಕೆರೆದು ತಿನ್ನುತ್ತಿದ್ದ. ಸಂಜೆ ಬೆಂಕಿ ಆರಿಸುವ ದಳದವರ ಊರೂಟವಿತ್ತು. ಅಲ್ಲಿ ಅವಳನ್ನು ಒಂದು ಮೂಲೆಗೆ ಕರೆದು ಮದುವೆಯ ಮಾತೆತ್ತಬೇಕು ಎಂದು ಅವನು ವಾರದಿಂದ ನಿದ್ದೆಗೆಟ್ಟಿದ್ದ.

ಸೋದರಮಾವ ಬಿಟ್ಟುಹೋದ ಅಂಗಡಿ ನಡೆಸಲೆಂದು ಅವನು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಅವನ ತಮಾಷೆಗೆ ಊರಿನಲ್ಲಿ ಯಾರೂ ನಕ್ಕಿರಲಿಲ್ಲ. ಒಮ್ಮೆ ಕತ್ತಿ ಮಸೆಯುತ್ತ "ಹೆದರಬೇಡಿ, ಈ ವಾರ ಇನ್ನೂ ಯಾರ ಕಿವೀನೂ ಹೋಗಿಲ್ಲ" ಎಂದಿದ್ದಕ್ಕೆ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದ್ದ. ಬೇರೆಯವರು ನಗದಿದ್ದರೆ ಅವನಿಗೆ ಚಿಂತೆಯಿರಲಿಲ್ಲ. ಡಾರ್ಲೀನ್ ಒಂದು ಸಲ ನಕ್ಕರೆ ಸಾಕಿತ್ತು. ಅವಳು ಮಾತ್ರ ಅವನು ಏನೇ ಹೇಳಿದರೂ "ಹೌದಾ? ಅಯ್ಯೋ ಪಾಪ" ಎಂದು ಕನಿಕರ ತೋರಿಸುತ್ತಿದ್ದಳು.

ಬೆಳಿಗ್ಗೆ ಪಕ್ಕದ ಮೇಜಿನಲ್ಲಿ ಅಂಚೆ ಕಚೇರಿಯ ಫಿಲ್ಲಿಸ್ ಕೂತಿದ್ದಳು. ಆಕೆಯ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬಿದ್ದಂತೆಯೇ. ಡೆನಿಸ್ ತನ್ನ ಅಂಗಡಿಗೆ ಮರಳಿ ಕತ್ತರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ದನದ ಮೇವಿನ ಅಂಗಡಿಯ ಅರ್ಲ್ ಬಂದು ಕುರ್ಚಿಯಲ್ಲಿ ಧೊಪ್ಪನೆ ಕೂತ. ಅರ್ಧ ತಲೆ ಮುಗಿಯುವ ಹೊತ್ತಿಗೆ ಬಾಯಿಬಿಟ್ಟ.

"ಏನಯ್ಯಾ, ಡಾರ್ಲೀನ್ ಪೈ ಬಾಯಿಗಿಡೋ ಹಾಗಿಲ್ಲ ಅಂದ್ಯಂತೆ? ಪಾಪ, ಅಡುಗೆಮನೇಲಿ ಕೂತು ಅಳ್ತಿದಾಳೆ."

"ನಾನು ಹೊಗಳಿದ್ದು!"

"ಹೊಗಳಿದ್ದಾ? ಹಾಗಾದ್ರೆ ನೀನು ಬೈಯೋದನ್ನ ನಾನು ಕೇಳಕ್ಕೆ ಬರಲ್ಲಪ್ಪ."

ಡೆನಿಸ್ ಕತ್ತರಿ ಕೆಳಗಿಟ್ಟು, ಅರ್ಲನ ಅರ್ಧ ತಲೆಯನ್ನು ಹಾಗೇ ಬಿಟ್ಟು, ರಸ್ತೆ ದಾಟಿದ. ಹೋಟೆಲಿನಲ್ಲಿ ತಿಂಡಿಯ ಗದ್ದಲ. ಡಾರ್ಲೀನಳ ಕಣ್ಣುಗಳು ಕೆಂಪಗಿದ್ದವು. ಅದನ್ನು ನೋಡಿ ಡೆನಿಸ್ ಕಂಗಾಲಾದ. ಕಂಗಾಲಾದಾಗ ಬೋಲ್ಟನ್ನಿನವರು ಮಾಡುವುದು ಒಂದೇ ಕೆಲಸ, ತಮಾಷೆ.

"ಡಾರ್ಲೀನ್, ಅದನ್ನ ತಿಂದೂ ನಾನು ಇನ್ನೂ ಬದುಕಿದೀನಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?"

ಮೂಲೆಯಲ್ಲಿದ್ದ ಲಾರಿ ಚಾಲಕನೊಬ್ಬ ತನ್ನ ಪೈಯನ್ನು ಮೆಲ್ಲಗೆ ದೂರ ತಳ್ಳಿದ. "ಏನಾಗಿದೆ ಅದ್ರಲ್ಲಿ? ಚೆರ್ರಿ ಕೆಟ್ಟಿದ್ಯಾ?" ಎಂದು ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡ.

"ಗಾಬರಿಯಾಗ್ಬೇಡಿ," ಡೆನಿಸ್ ಸಮಾಧಾನ ಹೇಳಲು ಹೋದ, "ಹೆಣ ಹೊರೋಕೆ ಸಂಜೆ ಹೇಗೂ ದಳದವ್ರೆಲ್ಲ ಸೇರ್ತಾರೆ."

ಹೊಟ್ಟೆ ಹಿಡಿದುಕೊಂಡವನಿಗೆ ನಿಜವಾಗಿಯೂ ನೋವು ಶುರುವಾಯಿತು. ಯಾರೋ ನರ್ಸನ್ನು ಕರೆಯಲು ಓಡಿದರು. ಡಾರ್ಲೀನ್ ಉಳಿದ ಪೈಗಳನ್ನೆಲ್ಲ ಒಳಗೆ ಒಯ್ದಳು. ಸಂಜೆಯ ಊಟಕ್ಕೆ ತಾನು ಪೈ ತರುವುದಿಲ್ಲ ಎಂದಳಂತೆ. ಪ್ರತಿ ವರ್ಷವೂ ಜನ ಬರುತ್ತಿದ್ದುದೇ ಅವಳ ಪೈಗಾಗಿ.

ಮಧ್ಯಾಹ್ನವೆಲ್ಲ ಡೆನಿಸ್ ತನ್ನ ಗಾಜಿನ ಬಾಗಿಲಿನಿಂದ ಎದುರಿನ ಹೋಟೆಲನ್ನೇ ನೋಡುತ್ತಿದ್ದ. ಒಳಗೆ ಡಾರ್ಲೀನ್ ಮತ್ತು ಫಿಲ್ಲಿಸ್ ತಲೆಗೆ ತಲೆ ತಾಗಿಸಿ ಕೂತಿದ್ದರು. ಫಿಲ್ಲಿಸ್ ಬೆರಳು ಮಡಿಸಿ ಮಡಿಸಿ ಏನೋ ಹೇಳುತ್ತಿದ್ದಳು. ಡಾರ್ಲೀನ್ ಮತ್ತೆ ಕಣ್ಣೊರೆಸಿಕೊಂಡಳು. ತನ್ನನ್ನು ಊರು ಬಿಡಿಸುವ ಯೋಚನೆಯೇ ಇರಬೇಕು ಎಂದುಕೊಂಡ.

ಉಳಿದರ್ಧ ತಲೆಗೆಂದು ಮರಳಿ ಬಂದ ಅರ್ಲನಿಗೆ ಅವನ ಅವಸ್ಥೆ ನೋಡಿ ಕರುಳು ಚುರ್ ಎಂದಿತು. "ನೋಡಯ್ಯಾ, ನಮ್ಮೋರ ಹತ್ರ ನಮ್ಮ ಹಾಗೆ ಮಾತಾಡು. ಮನಸಲ್ಲಿರೋದನ್ನ ಇದ್ದ ಹಾಗೆ ಹೇಳು, ಅದರ ಮೂರರಷ್ಟು ದೊಡ್ಡದಾಗಿ. ಎದೆ ಮೇಲೆ ಕೈಯಿಟ್ಕೋ. ತಮಾಷೆ ಮಾತ್ರ ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ನಾಲಿಗೆಗೆ ಬರಲ್ಲ ಅರ್ಲ್."

"ಬರುತ್ತೆ. ಅವಳು ಬೇಕೋ ಬೇಡ್ವೋ?"

ಬೇಕಿತ್ತು. ಕನ್ನಡಿಯ ಮುಂದೆ ನಿಂತು ಡೆನಿಸ್ "ಅದ್ಭುತ" ಎಂದು ಹೇಳಿ ನೋಡಿದ. ಹರಳೆಣ್ಣೆ ಕುಡಿದವನ ಮುಖವಾಯಿತು. ಸಂಜೆಯವರೆಗೂ ಹೇಳಿದ. ಕೊನೆಕೊನೆಗೆ ಮುಖ ಸ್ವಲ್ಪ ಸಡಿಲವಾಯಿತು, ಮತ್ತು ವಿಚಿತ್ರವೆಂದರೆ ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು.

ಊರೂಟದ ಹಾಲಿಗೆ ಅವನು ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು. ಡಾರ್ಲೀನ್ ನೀಲಿ ಗೌನು ತೊಟ್ಟು ಫಿಲ್ಲಿಸಳ ಪಕ್ಕದಲ್ಲಿ ಕೂತಿದ್ದಳು. ಅವಳ ಮುಂದೆ ಸಾಲಾಗಿ ಪೈಗಳಿದ್ದವು. ತಂದಿದ್ದಾಳೆ! ಯಾಕೆ ತಂದಳು ಎಂದು ಯೋಚಿಸುವಷ್ಟು ತಲೆ ಅವನಿಗೆ ಉಳಿದಿರಲಿಲ್ಲ. ಕುರ್ಚಿಯೊಂದರ ಮೇಲೆ ಹತ್ತಿ, ಎದೆಯ ಮೇಲೆ ಕೈಯಿಟ್ಟ.

"ಡಾರ್ಲೀನ್! ನಿಮ್ಮ ಪೈ ಅದ್ಭುತ! ಅಮೋಘ! ಅದನ್ನ ತಿಂದ ಮೇಲೆ ನನ್ನ ಬಾಳೇ ಬದಲಾಯ್ತು. ನಿಮ್ಮಂಥ ಹೆಂಗಸು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀರಾ?"

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟು ನಿಜವನ್ನು ಅವನ ವಂಶದಲ್ಲಿ ಯಾರೂ ಒಂದೇ ಉಸಿರಿನಲ್ಲಿ ಹೇಳಿರಲಿಲ್ಲ.

ಡಾರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡ. ಮರುಕ್ಷಣ ಅವಳು ಹೋ ಎಂದು ನಕ್ಕಳು. ಮೇಜು ಕುಟ್ಟಿ ನಕ್ಕಳು. ಅವಳ ಹಿಂದೆ ಫಿಲ್ಲಿಸ್ ನಕ್ಕಳು, ದಳದವರು ನಕ್ಕರು, ಹೊಟ್ಟೆನೋವಿನವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ಉಳಿದವನು ಅರ್ಲ್ ಒಬ್ಬನೇ.

ಡಾರ್ಲೀನ್ ಎದ್ದು ಬಂದು ಅವನನ್ನು ಕುರ್ಚಿಯಿಂದ ಇಳಿಸಿದಳು. "ಫಿಲ್ಲಿಸ್ ಮಧ್ಯಾಹ್ನವೆಲ್ಲ ಹೇಳ್ಕೊಟ್ಟಳು. ಅವಳ ಅತ್ತೆ ನಿಮ್ಮ ದೇಶದವರಂತೆ, ಅವರಿಗೆ ಫೋನ್ ಮಾಡಿ ಕೇಳಿದ್ಲಂತೆ. ನೀವು 'ಪರವಾಗಿಲ್ಲ' ಅಂದ್ರೆ ಮನಸಾರೆ ಮೆಚ್ಚಿದ ಹಾಗಂತೆ. ಅದನ್ನ ಕೇಳಿ ನಾನು ಖುಷಿಗೆ ಅತ್ತುಬಿಟ್ಟೆ, ಗೊತ್ತಾ? ಅದ್ಭುತ, ಅಮೋಘ ಅಂತ ಆಕಾಶಕ್ಕೇರಿಸಿದ್ರೆ ಮಾತ್ರ ಬರೀ ತಮಾಷೆಯಂತೆ. ಡೆನಿಸ್, ಇದೇ ಮೊದಲನೇ ಸಲ ನಿಮ್ಮ ತಮಾಷೆ ನನಗರ್ಥ ಆಗಿದ್ದು!"

"ಡಾರ್ಲೀನ್, ನಾನು ನಿಜ ಹೇಳಿದ್ದು."

"ಮುಖ ನೋಡಿ, ಮುಖ ನೋಡಿ!" ಅವಳು ಸುತ್ತಲಿನವರಿಗೆ ತೋರಿಸಿದಳು. "ಒಂಚೂರೂ ನಗದೆ ಹೇಗೆ ಹೇಳ್ತಾರೆ!"

"ದೇವರಾಣೆಗೂ ನಿಜ."

ಹಾಲ್ ಮತ್ತೆ ಬಿದ್ದು ಬಿದ್ದು ನಕ್ಕಿತು. ನಕ್ಕು ನಕ್ಕು ಸೋತ ಡಾರ್ಲೀನ್ ಅವನ ಭುಜಕ್ಕೆ ಹಣೆಯೊರಗಿಸಿದಳು. ಅವಳ ಬಿಸಿಯುಸಿರು ಅಂಗಿಯ ಮೂಲಕ ತಾಗುತ್ತಿತ್ತು. ಎರಡು ವರ್ಷದಿಂದ ಕಾದಿದ್ದ ನಗು ಅದು. ತಡೆಯಲು ಡೆನಿಸನಿಗೆ ಮನಸ್ಸು ಬರಲಿಲ್ಲ. ಸುಮ್ಮನೆ ನಿಂತ, ಕೈ ಎಲ್ಲಿಡಬೇಕೆಂದು ತಿಳಿಯದೆ.

"ಭಾನುವಾರ ಹೋಟೆಲಿಗೆ ಬನ್ನಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ನನ್ನ ಅಕ್ಕ ಬರ್ತಿದಾಳೆ. ಅವಳ ಮುಂದೆ ಆ ಮದುವೆ ಮಾತು ಇನ್ನೊಂದ್ಸಲ ಹೇಳಿ. ಹೀಗೇ, ಒಂಚೂರೂ ನಗದೆ."

ಡೆನಿಸ್ ಬರುತ್ತೇನೆ ಎಂದ.