ಸುತ್ತೋಲೆಗಳ ನಡುವೆ ಕಡ್ಡಿ ಮನುಷ್ಯರು

ಹೊರಗೆ ಹೇಳಿಕೊಳ್ಳಲು ನಾಚಿಕೆಯಾಗುವ ಹವ್ಯಾಸ ಎಲ್ಲರಿಗೂ ಒಂದಿರುತ್ತದೆ. ಕೆಲವರು ಅದನ್ನು ಹೆಂಡತಿಯಿಂದ ಮುಚ್ಚಿಡುತ್ತಾರೆ. ನನ್ನದು ಮೊದಲು ಗೊತ್ತಾದದ್ದೇ ಹೆಂಡತಿಗೆ. ನಾನು ಕಡ್ಡಿ ಮನುಷ್ಯರನ್ನು ಸಂಗ್ರಹಿಸುತ್ತೇನೆ. ತಲೆಗೊಂದು ಸೊನ್ನೆ, ಮೈ ಕೈ ಕಾಲಿಗೆ ಐದು ಗೆರೆ, ಅಷ್ಟೇ. ಆದರೆ ಒಂದರ ಹಿಂದೊಂದು ಚಿತ್ರ ಓಡಿಸಿದರೆ ಆ ಗೆರೆಗಳೇ ಎದ್ದು ನಡೆಯುತ್ತವೆ, ಲಾಗ ಹಾಕುತ್ತವೆ. ಹಿಂದೆ ಯಾವಯಾವ ದೇಶದ ಹುಡುಗರೋ ಇವನ್ನು ಮಾಡಿ ತಮ್ಮ ವೆಬ್‌ಸೈಟಿಗೆ ಹಾಕುತ್ತಿದ್ದರು. ಈಗ ಹುಡುಗರು ದೊಡ್ಡವರಾಗಿದ್ದಾರೆ, ಸೈಟುಗಳು ಮುಚ್ಚಿಹೋಗಿವೆ. ಎಲ್ಲೋ ಮೂಲೆಯಲ್ಲಿ ಉಳಿದುಕೊಂಡ ಒಂದು ಹಳೇ ಫೈಲು ಸಿಕ್ಕಿದ ದಿನ ನಾನು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಳ್ಳುತ್ತೇನೆ. ಕೊಡೆ ಹಿಡಿದು ಗಾಳಿಗೆ ಎದುರಾಗಿ ನಡೆಯುವ ಒಬ್ಬನಿಗಾಗಿ ಎಂಟು ತಿಂಗಳು ಗುರುತಿಲ್ಲದವರಿಗೆಲ್ಲ ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೇನೆ. "ಮೂಗಿಲ್ಲ, ಬಾಯಿಲ್ಲ, ಮೈಮೇಲೆ ಬಟ್ಟೆ ಇಲ್ಲ. ಇವನ್ನ ಕೂಡಿಹಾಕ್ಕೊಂಡು ಏನ್ರೀ ಮಾಡ್ತೀರಾ?" ಎಂದು ನನ್ನವಳು ಕೇಳುತ್ತಾಳೆ. ಉತ್ತರ ಗೊತ್ತಿಲ್ಲದ್ದರಿಂದ ಸಿಡುಕುತ್ತೇನೆ.

ನಾನು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಡ್ರಾಯಿಂಗ್ ಮೇಷ್ಟ್ರು. ಮನೆಯ ಕಂಪ್ಯೂಟರ್ ಮಗಳ ವಶದಲ್ಲಿರುವುದರಿಂದ ಸಂಗ್ರಹವೆಲ್ಲ ಶಾಲೆಯ ಆಫೀಸಿನ ಕಂಪ್ಯೂಟರಿನಲ್ಲಿತ್ತು. ಯಾರೂ ತೆರೆಯಬಾರದೆಂದು ಫೋಲ್ಡರಿಗೆ 'ಹಳೆಯ ಸುತ್ತೋಲೆಗಳು' ಎಂದು ಹೆಸರಿಟ್ಟಿದ್ದೆ. ನನ್ನ ಸರ್ವೀಸಿನಲ್ಲಿ ಹಳೆಯ ಸುತ್ತೋಲೆಯನ್ನು ತಾನಾಗಿ ತೆಗೆದು ಓದಿದ ಒಬ್ಬ ಮೇಷ್ಟ್ರನ್ನೂ ಕಂಡಿಲ್ಲ, ನನ್ನನ್ನೂ ಸೇರಿಸಿ. ಇನ್ನೊಂದು ಕಾಪಿ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ ಇಟ್ಟುಕೊಂಡಿರಲಿಲ್ಲ.

ಕಳೆದ ತಿಂಗಳು ಮೂರು ದಿನ ರಜೆ ಮುಗಿಸಿ ಬಂದು ನೋಡಿದರೆ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಕೂತಿತ್ತು. ಹಳೆಯದನ್ನು ಪೂರ್ತಿ ಅಳಿಸಿ ಇಲಾಖೆಗೆ ವಾಪಸ್ ಕಳಿಸಿಯಾಗಿತ್ತು. ಅಳಿಸಿದವರು ಯಾರೆಂದು ವಿಚಾರಿಸಿದೆ. ಅಳಿಸಿದವನು ನಮ್ಮ ಗುಮಾಸ್ತ, ದೇವನೂರಿನ ಸಿದ್ದರಾಜು.

"ಫೋಟೋ, ವಿಡಿಯೋ ಎಲ್ಲಾ ಓಯ್ತು ಸಾ," ಎಂದ ಅವನು ನಿರಾಳವಾಗಿ. "ಎಡ್ ಮೇಡಮ್ಮೋರ ಮಗಳ ಮದ್ವೆ ಫೋಟೋನೂ ಓಯ್ತು."

"ಸುತ್ತೋಲೆ?" ಎಂದು ಕೇಳಿದೆ.

"ಅದ್ನೆಂಗ್ ಅಳ್ಸಕಾಯ್ತದೆ ಸಾ? ಮೇಲಿಂದ ಆರ್ಡರ್ ಬರ್ದೆ ಸುತ್ತೋಲೆ ಮುಟ್ಟಿದ್ರೆ ನನ್ ಕೆಲ್ಸ ಉಳೀತದಾ? ಒಳಗೇನದೆ ಅಂತಾನೂ ನೋಡ್ನಿಲ್ಲ. ಮೂರ್ ಕಡೆ ಕಾಪಿ ಮಡಗಿವ್ನಿ."

ಹೋದ ಜೀವ ಬಂದಂತಾಗಿ ಸಿಕ್ಕಿದ ಕುರ್ಚಿಯಲ್ಲಿ ಕೂತೆ. ಸರ್ಕಾರಿ ಕಾಗದದ ಮೇಲೆ ನಮ್ಮವರಿಗಿರುವ ಭಯಭಕ್ತಿಯನ್ನು ವರ್ಷಗಟ್ಟಲೆ ಗೇಲಿ ಮಾಡಿದವನು ಅಂದು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದೆ. ಸಂತೋಷ ತಡೆಯಲಾರದೆ ಸಿದ್ದರಾಜುವನ್ನು ಪಕ್ಕಕ್ಕೆ ಕೂರಿಸಿಕೊಂಡು ಗುಟ್ಟು ಬಿಟ್ಟುಕೊಟ್ಟೆ, ಫೋಲ್ಡರ್ ತೆರೆದು ತೋರಿಸಿದೆ. ಅವನು ಮೊದಲು ಬೆಚ್ಚಿದ, ಆಮೇಲೆ ಬಿದ್ದು ಬಿದ್ದು ನಕ್ಕ. ಕೊಡೆಯವನನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದ.

"ಬಲೇ ಚೆನ್ನಾಗದೆ ಸಾ. ಅಲ್ಲಾ, ಡ್ರಾಯಿಂಗ್ ಮೇಷ್ಟ್ರು ನೀವು. ಇದ್ರಲ್ಲಿ ನೀವ್ ಬರ್ದಿರೋದು ಯಾವ್ದು?"

ನಾನು ಫೈಲುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸರಿಸುತ್ತಾ ಹುಡುಕುವವನಂತೆ ನಟಿಸಿದೆ. ಒಂದಾದರೂ ಇದ್ದರೆ ತಾನೆ ಸಿಗುವುದು! ಸಂಜೆ ಬಸ್ಸಿನಲ್ಲಿ ಕೂತು, ಯಾರಿಗೂ ಕಾಣದಂತೆ, ಟಿಕೆಟ್ಟಿನ ಹಿಂಬದಿಯಲ್ಲಿ ಮೊದಲ ಬಾರಿಗೆ ನನ್ನವನೇ ಆದ ಒಬ್ಬನನ್ನು ಬರೆದೆ. ಶರವೇಗದಲ್ಲಿ ಓಡುವವನು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ, ಮರುಕದಿಂದ ಕೇಳಿದರು:

"ಅಯ್ಯೋ ಪಾಪ, ಎಲ್ಲಪ್ಪಾ ಬಿದ್ದೋದ ಇವ್ನು?"