ಮಾಮಾ ಚುಚ್ಚಿ ನೋಡಿದ ಸರ್ಫ್‌ಬೋರ್ಡ್

ಕಲಬುರಗಿಯ ಅತಿ ದೊಡ್ಡ ಸರ್ಫರ್ ನಮ್ಮ ಮಾಮಾ. ಈ ಮಾತಿಗೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ತೆಗೆಯಲು ಎರಡನೆಯವನೊಬ್ಬ ಇದ್ದರಲ್ಲವೇ! ನಮ್ಮೂರಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ಒಂದು ರಾತ್ರಿಯ ನಿದ್ದೆ ಮತ್ತು ಎರಡು ಹೊತ್ತಿನ ಬುತ್ತಿ ಖರ್ಚಾಗುತ್ತದೆ. ಬೇಸಿಗೆಯಲ್ಲಿ ನಳಕ್ಕೆ ನೀರು ಬಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಊರು ನಮ್ಮದು. ಇಂಥಲ್ಲಿ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿಯ ದಲಾಲಿ ಅಂಗಡಿ ಇಟ್ಟುಕೊಂಡ, ಐವತ್ತು ದಾಟಿದ, ಸಾಕಷ್ಟು ಹೊಟ್ಟೆಯೂ ಬಂದಿರುವ ಮನುಷ್ಯನೊಬ್ಬ ಅಲೆಯ ಮೇಲೆ ನಿಲ್ಲುತ್ತೇನೆಂದು ಹೊರಟರೆ, ಒಂದೋ ಅವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಅವನು ನಮ್ಮ ಅವ್ವನ ತಮ್ಮನಾಗಿರಬೇಕು.

ಇದೆಲ್ಲ ಶುರುವಾದದ್ದು ಕರಾವಳಿಯ ಒಂದು ಮದುವೆಯಲ್ಲಿ. ಗಂಜಿನ ಗಿರಾಕಿಯೊಬ್ಬರ ಮಗಳ ಮದುವೆಗೆಂದು ಹೋದ ಮಾಮಾ ಅಕ್ಷತೆ ಹಾಕಿ ಸಮುದ್ರ ನೋಡಲು ಹೋದ. ಅಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ಅಲೆ ಏರಿ ಬರುತ್ತಿದ್ದರು. ಊಟದ ಹೊತ್ತಿಗೆ ಮಾಮಾ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ರೇಷ್ಮೆ ಅಂಗಿ ಕಳಚಿಟ್ಟು ಬನಿಯನ್ನಿನಲ್ಲಿ ನೀರಲ್ಲಿದ್ದನಂತೆ. ಈ ಭಾಗವನ್ನು ನನಗೆ ಹೇಳಿದ್ದು ಅತ್ತಿ, ಅಂದರೆ ಮಾಮಾನ ಹೆಂಡತಿ. ನಾನೂ ಅಲ್ಲಿದ್ದೆ ಎಂದು ನನ್ನ ನೆನಪು; ನಾನು ಬಂದೇ ಇರಲಿಲ್ಲ ಎಂದು ಅತ್ತಿ. ಇರಲಿ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಂದೇ: ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡ. ದೇವರು, ಪತ್ರಿಕೆ, ಡಾಕ್ಟರು ಎಲ್ಲರನ್ನೂ ಸಂಶಯಿಸಿ ಮುಗಿದ ಮೇಲೆ ಸಂಶಯಿಸಲು ನನಗೆ ಉಳಿದದ್ದು ನನ್ನ ನೆನಪೊಂದೇ!

ಆಮೇಲೆ ಮಾಮಾ ವರ್ಷಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗತೊಡಗಿದ. ಸರ್ಫಿಂಗ್ ಕಲಿಸುವ ಹುಡುಗಿ ಮಗಳ ವಯಸ್ಸಿನವಳು. ಅವಳನ್ನು "ಮೇಡಂ" ಎಂದೇ ಕರೆಯುತ್ತಿದ್ದ. ಅವರ ಶಾಲೆಯ ದೊಡ್ಡ, ಮೆತ್ತನೆಯ ಹಲಗೆಯ ಮೇಲೆ ಮೊದಲು ಮಲಗಿದ, ಆಮೇಲೆ ಮೊಣಕಾಲೂರಿದ, ಒಂದು ದಿನ ಎದ್ದು ನಿಂತ. ಊರಿಗೆ ಬಂದರೂ ಅಭ್ಯಾಸ ತಪ್ಪಬಾರದಲ್ಲ? ಖೂಬಾ ಪ್ಲಾಟ್ ಬಡಾವಣೆಯ ಮನೆಯ ಮಾಳಿಗೆಯ ಮೇಲೆ ಗಾದಿ ಹಾಸಿ ಬೆಳಗ್ಗೆ ಬೆಳಗ್ಗೆ ದಬಕ್ಕನೆ ಏಳುವುದು, ದಬಕ್ಕನೆ ಬೀಳುವುದು. ಕೆಳಗೆ ಬಾಡಿಗೆಗಿದ್ದವರು ಮನೆ ಖಾಲಿ ಮಾಡಿದರು. ಒಮ್ಮೆ ಅಂಗಡಿಯಲ್ಲಿ ಮಾಮಾ ತೊಗರಿ ಚೀಲಗಳ ಮೇಲೆ ಬೋರಲಾಗಿ ಮಲಗಿ ಎರಡೂ ಕೈಯಿಂದ ಗಾಳಿಯನ್ನೇ ಹಿಂದಕ್ಕೆ ತಳ್ಳುತ್ತಿದ್ದಾಗ ಸೇಡಂ ಕಡೆಯ ರೈತರೊಬ್ಬರು ಒಳಗೆ ಬಂದರು.

"ಸಾವ್ಕಾರ್ರ, ಮೈಯಾಗ ಆರಾಮಿಲ್ಲೇನ್ರೀ?"

"ಆರಾಮ ಇದ್ದೀನ್ರೀ. ಅಲಿ ಹಿಡಿಲಾಕತ್ತೀನಿ."

ರೈತರು ಅಂಗಡಿಯ ಮೂಲೆ ಮೂಲೆ ನೋಡಿದರು. "ಹಿಡೀರಿ ಹಿಡೀರಿ. ಹಿಡದಾದ ಮ್ಯಾಲ ನಮ್ಮ ತೊಗರಿ ನೋಡೋರಂತ," ಎಂದು ಶಾಂತವಾಗಿ ಕುಳಿತುಕೊಂಡರು. ನಮ್ಮ ಸೀಮೆಯ ಜನರ ತಾಳ್ಮೆ ಅದು!

ಇಷ್ಟಾದರೂ ಮನೆಯಲ್ಲಿ ಯಾರಿಗೂ ದೊಡ್ಡ ಚಿಂತೆ ಇರಲಿಲ್ಲ. ಚಿಂತೆ ಹತ್ತಿದ್ದು ಮೇಡಂ, "ಸರ್, ಈಗ ನಿಮ್ಮದೇ ಒಂದು ಬೋರ್ಡ್ ತೆಗೆದುಕೊಳ್ಳಬಹುದು," ಎಂದ ದಿನ. ಅವಳು ಹೇಳಿದ್ದು ಎಂಟು ಅಡಿಯ, ದಪ್ಪನೆಯ ಹಲಗೆ. ಮಾಮಾನ ಕಣ್ಣು ನೆಟ್ಟಿದ್ದು ಆರು ಅಡಿಯ, ತೆಳ್ಳನೆಯ, ಮೂತಿ ಚೂಪಾದ ಬಿಳಿಯ ಹಲಗೆಯ ಮೇಲೆ. ದಂಡೆಯ ಮೇಲೆ ಹುಡುಗರು ಅದನ್ನು ಪತ್ರಿಕೆಯಂತೆ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಾರಂತೆ.

"ಇಷ್ಟ ದಿನ ಎಮ್ಮಿ ಮ್ಯಾಲ ಕುಂತೀನಿ ಅಳಿಯಾ. ಇನ್ನ ಕುದರಿ ಬೇಕು," ಎಂದ.

ಆ ಸಂಜೆಯೇ ಅತ್ತಿ ನನ್ನನ್ನು ಅಡುಗೆಮನೆಗೆ ಕರೆದಳು.

"ನೋಡಪ, ನೀ ಓದಿದಂವ ಇದ್ದಿ. ನೀ ಒಂದೀಟ ಹೇಳು."

"ಮಾಮಾ ನನ್ನ ಮಾತ ಯಾವಾಗ ಕೇಳ್ಯಾನ ಅತ್ತಿ?"

"ಕೇಳಂಗಿಲ್ಲ, ಖರೆ. ಆದ್ರ ನೀ ಹೇಳಲಾಕ ಚಾಲೂ ಮಾಡಿದ್ರ ಅವ್ರಿಗಿ ನಿದ್ದಿ ಹತ್ತತದ. ಮಲಗಿದ್ದಾಗರೆ ಸಮುದ್ರಕ್ಕ ಹೋಗಂಗಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ರೊಟ್ಟಿಯ ಹಿಟ್ಟು ನಾದುವುದು ನಿಲ್ಲಿಸಿ ಹೇಳಿದಳು: "ಹೋದ ಸಲ ಯಾವನೋ ಹುಡುಗನ ಸಣ್ಣ ಹಲಗಿ ಇಸಗೊಂಡು ಒಳಗ ಹೋದ್ರು. ನಾ ದಂಡ್ಯಾಗ ಇವ್ರ ಚಪ್ಪಲಿ ಕಾಯಕೋತ ಕುಂತಿದ್ದೆ. ಒಂದ ಅಲಿ ಬಂತು. ಹಲಗಿ ಮ್ಯಾಲ ಬಂತು, ಇವ್ರು ಕಾಣಸಲಿಲ್ಲ. ಕಾಣಸಲಿಲ್ಲ ಅಂದ್ರ ಕಾಣಸಲೇ ಇಲ್ಲಪ. ಮುಂದ ಎಷ್ಟೋ ಹೊತ್ತಿಗಿ ಎದ್ದ ಬಂದ್ರು, ನಕ್ಕೋತ! ದೊಡ್ಡದು ತಗೋಳಲಿ. ಸಣ್ಣದು ತಂದ್ರ ನಾ ಇನ್ನ ದಂಡ್ಯಾಗ ಕೂಡಂಗಿಲ್ಲ. ನನಗ ಆಗಂಗಿಲ್ಲ."

ನಾನು ಎರಡು ದಿನ ಓದಿ ತಯಾರಾದೆ. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಅಳೆಯುತ್ತಾರೆ, ಕಲಿಯುತ್ತಿರುವವನು ಆಸೆಗೆ ಬಿದ್ದು ಸಣ್ಣದನ್ನು ಕೊಂಡರೆ ಅಲೆಯೇ ಸಿಗದೆ ಕಲಿತದ್ದೂ ಮರೆಯುತ್ತಾನೆ, ನಿನ್ನ ತೂಕಕ್ಕೆ ಆ ಬಿಳಿಯದು ತೇಲುವುದೇ ಕಷ್ಟ ಎಂದೆಲ್ಲ ವಿವರಿಸಿದೆ.

"ಲೀಟರ್?" ಮಾಮಾ ಹುಬ್ಬೇರಿಸಿದ. "ಹಲಗಿ ಏನು ಒಳ್ಳೆಣ್ಣಿ ಏನೋ? ಇಷ್ಟ ಮಾತಾಡ್ತಿ, ನೀ ಯಾವಾಗರೆ ನೀರಿಗಿ ಇಳದೀಯೇನು?"

ಇಳಿದಿಲ್ಲ. ಅದಕ್ಕೆ ಕಾರಣವೂ ಮಾಮಾನಿಗೆ ಗೊತ್ತು. ಕಮಲಾಪುರದಲ್ಲಿ ನಮ್ಮ ಅಜ್ಜನ ಬಾಳೆ ತೋಟವಿದೆ. ಆ ಊರಿನ ಕೆಂಪು ಬಾಳೆಹಣ್ಣು ತಿಂದವರಿಗೆ ಬೇರೆ ಬಾಳೆ ರುಚಿಸುವುದಿಲ್ಲ. ತೋಟದ ನಡುವೆ ನಾಲ್ಕೂ ಕಡೆ ಮೆಟ್ಟಿಲಿರುವ ದೊಡ್ಡ ಬಾವಿ. ಅಲ್ಲಿ ಮಕ್ಕಳು ಕಡಿದ ಬಾಳೆದಿಂಡನ್ನು ತಬ್ಬಿಕೊಂಡು ಈಜು ಕಲಿಯುತ್ತಿದ್ದರು. ನಾನು ಏಳೆಂಟು ವರ್ಷದವನಿದ್ದಾಗ ಆ ಬಾವಿಯಲ್ಲಿ ಮುಳುಗಿದೆ. ಆಗಿನ್ನೂ ಕಾಲೇಜು ಹುಡುಗನಾಗಿದ್ದ ಮಾಮಾ ಹಾರಿ, ನನ್ನನ್ನು ಬಾಳೆದಿಂಡಿನ ಮೇಲೆ ಹಾಕಿ ಎಳೆದು ತಂದ. ಇಡೀ ಬಳಗ ಇದನ್ನೇ ಹೇಳುತ್ತದೆ. ನನಗೂ ಹಾಗೆಯೇ ನೆನಪು. ಒಂದೇ ಒಂದು ಚೂರು ಮಾತ್ರ ಆ ಕಥೆಗೆ ಹೊಂದುವುದಿಲ್ಲ: ಆ ದಿಂಡಿನ ತಣ್ಣನೆಯ ಲೋಳೆ ನನಗೆ ನೆನಪಿರುವುದು ಎದೆಯಲ್ಲಲ್ಲ, ಕೈಯಲ್ಲಲ್ಲ, ಅಂಗಾಲಿನಲ್ಲಿ. ಮುಳುಗುವವನ ಅಂಗಾಲಿಗೆ ತೇಲುವ ದಿಂಡು ತಾಗುವುದು ಹೇಗೆ? ನೆನಪಿನ ಕಲಬೆರಕೆ ಎಂದು ಬಿಟ್ಟಿದ್ದೆ. ಅಂದಿನಿಂದ ನಾನು ಬಕೆಟ್ಟಿಗಿಂತ ಆಳದ ನೀರಿಗೆ ಕಾಲಿಟ್ಟವನಲ್ಲ.

"ಉಳಿಸಿದಂವಗೇ ತೇಲೂದು ಕಲಿಸ್ತಾನ ನೋಡು," ಎಂದು ಮಾಮಾ ಮಾತು ಮುಗಿಸಿದ.

ಕೊನೆಗೆ ಮಾಮಾ ಗಂಜಿನ ಪದ್ಧತಿಯಂತೆಯೇ ವ್ಯವಹಾರ ಕುದುರಿಸಿದ. ಮೇಡಂ ಎರಡೂ ಹಲಗೆ ಕಳಿಸಬೇಕು, ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಲಾಗುವುದು. ಸ್ಯಾಂಪಲ್ ನೋಡದೆ ಮಾಲು ಒಪ್ಪುವ ಪದ್ಧತಿ ನಮ್ಮಲ್ಲುಂಟೇ? ಬೇಳೆ ಇಳಿಸಲು ಕರಾವಳಿಗೆ ಹೋಗಿದ್ದ ಲಾರಿ ಮರಳುವಾಗ ತೆಂಗಿನಕಾಯಿಗಳ ಮೇಲೆ ಎರಡು ಸರ್ಫ್‌ಬೋರ್ಡುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದಿತು. ಒಂದು ಬಿಳಿ ಕುದುರೆ. ಇನ್ನೊಂದು ಯಾರೋ ಬಳಸಿ ಬಿಟ್ಟ, ಬಣ್ಣ ಮಾಸಿದ ಕೆಂಪು ಎಮ್ಮೆ.

ಹಮಾಲರು ಸುತ್ತ ನೆರೆದರು.

"ಸೇಠ್, ಯೇ ಕ್ಯಾ ಹೈ? ವಿಮಾನದ ರೆಕ್ಕಿ ಏನ್ರೀ?"

"ಛೇ, ಇಸ್ತ್ರಿ ಮಾಡೋ ಹಲಗಿ ಇರಬೇಕೋ."

"ಇಷ್ಟುದ್ದದ್ದು? ಯಾರದು, ಭೀಮಸೇನಂದು ಧೋತರ ಇಸ್ತ್ರಿ ಮಾಡ್ಲಾಕೇನು?"

ಮಾಮಾ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಳಿ ಹಲಗೆಯನ್ನು ಸವರಿದ, ಬೆರಳ ಗೆಣ್ಣಿನಿಂದ ತಟ್ಟಿದ, ಮೂಸಿದ. ಆಮೇಲೆ, ಮೂವತ್ತು ವರ್ಷದ ಕೈಯಭ್ಯಾಸ ಎಂಥದು ನೋಡಿ! ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆಯುವ ಉಕ್ಕಿನ ಮೊನೆಗೊಳವೆ ಅವನ ಅಂಗಿಯ ಜೇಬಿನಲ್ಲೇ ಇರುತ್ತದೆ.

"ಮ್ಯಾಲ ಎಲ್ಲಾ ಮಾಲೂ ಛಲೋನೇ ಇರ್ತದ. ಒಳಗ ಏನದ ನೋಡಬೇಕು," ಎಂದವನೇ ಹಲಗೆಯ ಹೊಟ್ಟೆಗೆ ಗಚ್ಚನೆ ಚುಚ್ಚಿಬಿಟ್ಟ!

ನಾನು "ಮಾಮಾ!" ಎಂದು ಕೂಗುವಷ್ಟರಲ್ಲಿ ಕೊಳವೆಯಿಂದ ಬಿಳಿಯ ಪುಡಿ ಅಂಗೈಗೆ ಉದುರಿತ್ತು. ಮಾಮಾ ಅದನ್ನು ತಿಕ್ಕಿದ, ಊದಿದ, ಚೂರು ಬಾಯಿಗೂ ಹಾಕಿಕೊಂಡ.

"ಇದರಾಗ ಕಾಳೇ ಇಲ್ಲಲ್ಲೋ! ಬರೇ ಹೊಟ್ಟು!"

ಮೇಡಂಗೆ ಫೋನು ಹೋಯಿತು. "ಎಂಥ ಸರ್? ಚುಚ್ಚಿದ್ದಾ? ಬೋರ್ಡಿಗೆ ಚುಚ್ಚಿದ್ದಾ?" ಎಂದು ಎರಡು ಸಲ ಕೇಳಿ, ನಗು ತಡೆದುಕೊಂಡು ಹೇಳಿದಳು, "ಹಾಗಾದ್ರೆ ಆ ಬಿಳಿಯದು ಇನ್ನು ನಿಮ್ಮದೇ ಆಯ್ತಲ್ಲ ಸರ್. ತೂತು ಮುಚ್ಚಿಸಿ, ಇಲ್ಲದಿದ್ರೆ ನೀರು ಕುಡೀತದೆ. ದೊಡ್ಡದನ್ನು ವಾಪಸು ಕಳಿಸಿ."

ಒಂದು ಚುಚ್ಚಿನಿಂದ ಕುದುರೆಯೇ ಗೆದ್ದಿತಲ್ಲ! ಮಾಮಾ ಬೇಕೆಂದೇ ಚುಚ್ಚಿದನೋ ಎಂಬ ಸಂಶಯವೂ ಬಂತು. ಸುದ್ದಿ ಮುಟ್ಟಿದಾಗ ಅತ್ತಿ ಬೈಯಲಿಲ್ಲ, ಅಳಲೂ ಇಲ್ಲ. ಮಾಮಾನ ಮುಂದೆ ಊಟದ ತಟ್ಟೆ ಇಟ್ಟು ಸುಮ್ಮನೆ ಕುಳಿತಳು. ಅವಳ ಬೈಗುಳಕ್ಕೆ ಹೆದರದ ಮಾಮಾ ಆ ಮೌನಕ್ಕೆ ಎರಡೇ ರೊಟ್ಟಿಗೆ ಎದ್ದ.

"ಆತು, ಕೆಂಪಂದು ಕಳಸೂಕ್ಕಿಂತ ಮೊದಲ ಎರಡೂ ನೀರಿಗಿ ಹಾಕಿ ನೋಡೂಣು," ಎಂದ. "ಕಮಲಾಪುರದ ಬಾವಿ ಅದ ಅಲ್ಲ."

ಆ ಭಾನುವಾರ ನಾವು ಮೂವರು ಟಂಟಂ ಆಟೋದಲ್ಲಿ ಹೊರಟೆವು. ಬಿಳಿ ಹಲಗೆಯ ತೂತಿಗೆ ನಳದ ಸೋರಿಕೆಗೆ ಹಚ್ಚುವ ಅಂಟು ಮೆತ್ತಿದ್ದಾಗಿತ್ತು. ಕೆಂಪು ಹಲಗೆಯ ಅರ್ಧ ಭಾಗ ಹಿಂದೆ ಚಾಚಿಕೊಂಡಿತ್ತು. ಕಮಲಾಪುರದ ರಸ್ತೆಬದಿಯಲ್ಲಿ ಹಣ್ಣು ಮಾರುವ ಮುದುಕಿಯೊಬ್ಬಳು ಅದನ್ನು ಕಂಡು, "ಯವ್ವಾ, ಬಾಳಿಹಣ್ಣು ಇಷ್ಟುದ್ದ ಯಾರ ತ್ವಾಟದಾಗ ಬೆಳದಾವ?" ಎಂದು ಎದ್ದೇ ನಿಂತಳು.

ಮಳೆಗಾಲ ಮುಗಿದು ಬಾವಿ ತುಂಬಿತ್ತು. ಅತ್ತಿ ಮೇಲಿನ ಮೆಟ್ಟಿಲಲ್ಲಿ ಮಾಮಾನ ಕನ್ನಡಕ, ಚಪ್ಪಲಿ ಹಿಡಿದು ನಿಂತಳು. ನಾನು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ನೀರಿಗೆ ಬೆನ್ನು ಮಾಡುವುದೋ ಮುಖ ಮಾಡುವುದೋ ತಿಳಿಯದೆ ಅತ್ತಿತ್ತ ತಿರುಗುತ್ತಿದ್ದೆ. ಮೊದಲು ಕುದುರೆ. ಮಾಮಾ ಅದರ ಮೇಲೆ ಬೋರಲಾಗಿ ಮಲಗಿದ. ಹಲಗೆ ಒಂದು ಕ್ಷಣ ಯೋಚಿಸಿತು. ಆಮೇಲೆ ಅವನ ಸಮೇತ ಒಳಗಿಳಿದು, ಪಕ್ಕಕ್ಕೆ ಹೊರಳಿ, ತಾನೊಂದೇ ಮೇಲೆ ಬಂತು.

"ಕಾಣಸಲಿಲ್ಲ!" ಅತ್ತಿಯ ದನಿ ಬಾವಿಯ ನಾಲ್ಕೂ ಗೋಡೆಗೆ ಬಡಿಯಿತು. "ಏನೋ, ಕಾಣಸಲಿಲ್ಲಲ್ಲೋ!"

ಮಾಮಾ ಎದ್ದ. ಮೂಗಿನಿಂದ ನೀರು ಸೀನಿದ. ಈ ಸಲ ನಗಲಿಲ್ಲ. ಮೆಟ್ಟಿಲ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಮೇಲೆ ಅತ್ತಿಯ ಮುಖವನ್ನೇ ನೋಡಿದ. ಏನು ಕಂಡನೋ! ಬಿಳಿ ಹಲಗೆಯನ್ನು ಸದ್ದಿಲ್ಲದೆ ಮೆಟ್ಟಿಲಿಗೆ ಒರಗಿಸಿಟ್ಟ. (ಅದರ ಗತಿ ಏನಾಯಿತೆಂದು ಕೇಳುತ್ತೀರಾ? ಈಗ ಗಂಜಿನ ಅಂಗಡಿಯ ಗೋಡೆಯ ಮೇಲಿದೆ. ಅದರ ಮೇಲೆ ದಿನದ ತೊಗರಿ ಧಾರಣೆ ಬರೆಯುತ್ತಾರೆ. ಅಲೆಯ ಮೇಲೆ ಏರಿಳಿಯಬೇಕಾದದ್ದು ಈಗಲೂ ಏರಿಳಿಯುತ್ತಲೇ ಇದೆ!)

ಆಮೇಲೆ ಎಮ್ಮೆ. ಮಾಮಾ ಅದರ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತ. ಅದು ತುಸು ತಗ್ಗಿ, ಹಾಗೆಯೇ ನಿಂತಿತು. ಅಲುಗಲಿಲ್ಲ. ಮಾಮಾ ಅಂಗೈಯಿಂದ ಅದರ ಮೈ ಸವರಿದ.

"ಇದು ನಿನ್ನ ದಿಂಡಿನಂಗ ಅದ ನೋಡು," ಎಂದ.

"ನನ್ನ ದಿಂಡೇನು ಮಾಮಾ? ನೀನ ಅಲ್ಲೇನು ನನ್ನ ಅದರ ಮ್ಯಾಲ ಹಾಕಿ ತಂದಂವ?"

"ಯಾರ ಹೇಳ್ಯಾರ?"

"ಎಲ್ಲಾರೂ."

"ಎಲ್ಲಾರೂ ಆಮ್ಯಾಲ ಬಂದವರು." ಮಾಮಾ ನೀರಿನತ್ತ ನೋಡುತ್ತಲೇ ಹೇಳಿದ. "ಮೊದಲ ಬಿದ್ದಂವ ನಾ. ಪಾಚಿಗಿ ಕಾಲ ಜಾರಿತು. ಈಜಲಾಕ ಎಲ್ಲಿ ಬರ್ತಿತ್ತು ನನಗ? ಮ್ಯಾಲ ನೀ ಒಬ್ಬನೇ ಇದ್ದಿ. ದಂಡ್ಯಾಗ ದಿಂಡು ಬಿದ್ದಿತ್ತು, ನಿನ್ನಕಿಂತ ದೊಡ್ಡದು. ಕೈಯಿಂದ ಸರೀಲಿಲ್ಲ. ಕುಂಡಿ ಊರಿ ಕುಂತು ಕಾಲಿಲೆ ಒದ್ದಿ ನೋಡು! ದಿಂಡೂ ಬಂತು, ಅದರ ಹಿಂದ ನೀನೂ ಬಂದಿ. ಒಂದ ಕೈಲೆ ದಿಂಡು, ಒಂದ ಕೈಲೆ ನಿನ್ನ ಚಡ್ಡಿ ಹಿಡಕೊಂಡೆ. ನಿಮ್ಮವ್ವ ಓಡಿ ಬರೂದರಾಗ ನಾ ನಿನ್ನ ಎತ್ತಿ ಮೆಟ್ಟಲಕ್ಕ ಇಡ್ಲಾಕತ್ತಿದ್ದೆ. ಎಲ್ಲಾರೂ ಅಷ್ಟೇ ನೋಡ್ಯಾರ."

ಹಲಗೆಯನ್ನು ಮೆಲ್ಲಗೆ ತಟ್ಟಿದ. "ಉಳಿಸಿದಂವ ಉಳಿಸಿದಂವ ಅಂತ ಊರೆಲ್ಲಾ ಅಂದ್ರು. ನೀರು ಕಂಡ್ರ ನನಗ ಕೈಕಾಲು ನಡಗತಿದ್ವು. ಒಮ್ಮೆರೆ ಖರೇನ ಈಜಬೇಕು ಅನಿಸ್ತಪ. ಅದಕ್ಕ ಹೋದೆ."

ನಾನು ಸಂಶಯಿಸುವವನು. ಇದಕ್ಕೆ ಮೂರನೆಯ ಸಾಕ್ಷಿ ಇಲ್ಲ. ನನ್ನ ನೀರಿನ ಭಯ ಬಿಡಿಸಲು ಮಾಮಾ ಅಲ್ಲೇ ಕಟ್ಟಿದ ಕಥೆಯೂ ಇರಬಹುದು. ಗಂಜಿನ ದಲಾಲಿಗೆ ಕಥೆ ಕಟ್ಟುವುದೇನು ಕಷ್ಟವೇ? ಆದರೆ ನನ್ನ ಅಂಗಾಲಿನ ಮಾತನ್ನು ನಾನು ಯಾರಿಗೂ, ಎಂದೂ ಹೇಳಿರಲಿಲ್ಲ.

ಚಪ್ಪಲಿ ಬಿಟ್ಟೆ. ಪ್ಯಾಂಟು ಮಡಚಿದೆ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ನೀರು ಮೊಣಕಾಲಿಗೆ ಬಂದಾಗ ನಿಂತೆ. ಮಾಮಾ ಹಲಗೆಯ ಹಿಂಬದಿಯನ್ನು ನನ್ನ ಕಡೆ ತಿರುಗಿಸಿ ಮುಂದಕ್ಕೆ ಸರಿದು ಕುಳಿತ.

"ಬಾ. ಇಬ್ಬರನ್ನೂ ಹೊರತದ ಇದು. ಆವತ್ತೂ ಹೊತ್ತದ."

ಅವನ ಹೆಗಲು ಹಿಡಿದು ಕುಳಿತೆ. ಹಲಗೆ ನೀರಿನ ಕೆಳಗೆ ನಾಲ್ಕು ಬೆರಳು ಇಳಿಯಿತು, ಅಷ್ಟಕ್ಕೇ ನಿಂತಿತು.

ಮೇಲೆ ಅತ್ತಿ ಮಾಮಾನ ಕನ್ನಡಕವನ್ನು ತಾನೇ ಹಾಕಿಕೊಂಡು ಬಗ್ಗಿ ನೋಡಿದಳು. ಆಮೇಲೆ ಆ ಇಡೀ ದಿನದಲ್ಲಿ ಮೊದಲ ಸಲ ಮೆಟ್ಟಿಲ ಮೇಲೆ ಕುಳಿತಳು.

"ಕಾಣಸ್ಲಾಕತ್ತೀರಿ," ಎಂದಳು. "ಇಬ್ಬರೂ ಕಾಣಸ್ಲಾಕತ್ತೀರಿ."